ಲ್ಯಾಮಿಂಗ್ಟನ್ ರೋಡಿನಲ್ಲಿ ಅಳೆದು ತೂಗಿ ಒಂದು ಟ್ರಾನ್ಸ್‌ಫಾರ್ಮರ್

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತ ಇದೆ. ಜನರ ಬಾಯಲ್ಲಿ ಮಾತ್ರ 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನ ಹೆಸರೇ ನಿಂತಿದೆ. ಡೊಂಬಿವಲಿಯ ಭಜನಾ ಮಂಡಳಿಯ ಆಂಪ್ಲಿಫೈಯರ್ ಸುಟ್ಟರೂ, ಮಾಟುಂಗದ ಹೋಟೆಲಿನ ಎಲ್‌ಇಡಿ ಬೋರ್ಡು ಆರಿದರೂ, ಯಕ್ಷಗಾನದ ಹಿಂದಿನ ದಿನ ಮಿಕ್ಸರಿನ ಅಡಾಪ್ಟರ್ ಕೈಕೊಟ್ಟರೂ ನಮ್ಮವರು ಹೋಗಿ ನಿಲ್ಲುವುದು ಇಲ್ಲೇ. ಈ ರಸ್ತೆಯಲ್ಲಿ ಸಿಗುವ ಮೂರು ಬಗೆಯ ಮಾಲಿನ ವಿಮರ್ಶೆ ಇದು: ರೆಡಿಮೇಡ್ ಟ್ರಾನ್ಸ್‌ಫಾರ್ಮರ್, ಹೇಳಿ ಸುತ್ತಿಸುವ ಟ್ರಾನ್ಸ್‌ಫಾರ್ಮರ್, ಮತ್ತು ಸ್ವಿಚ್ ಮೋಡ್ ಪವರ್ ಸಪ್ಲೈ ಎಂಬ ತಗಡಿನ ಡಬ್ಬಿಯ ಎಸ್‌ಎಂಪಿಎಸ್. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಸುತ್ತಿಸಿದ್ದಕ್ಕೆ ಪೂರ್ಣ ಅಂಕ, ಒಳ್ಳೆಯ ಬ್ರಾಂಡಿನ ಎಸ್‌ಎಂಪಿಎಸ್‌ಗೆ ಮುಕ್ಕಾಲು, ರೆಡಿಮೇಡಿಗೆ ಅರ್ಧ. ಆ ಅರ್ಧವೂ ಕೈಯಲ್ಲಿ ಸ್ಕೇಲು ಹಿಡಿದು ಹೋದವರಿಗೆ ಮಾತ್ರ.

ಸ್ಕೇಲು ಯಾಕೆ ಅಂದರೆ, ಟ್ರಾನ್ಸ್‌ಫಾರ್ಮರಿನ ಮೇಲೆ ಅಂಟಿಸಿದ 'ಆಂಪಿಯರ್' ಬರೀ ಮಾತು. ಕಬ್ಬಿಣದ ಅಳತೆ ಸುಳ್ಳು ಹೇಳುವುದಿಲ್ಲ. 'ಬಾರಾ-ಝೀರೋ-ಬಾರಾ, ತೀನ್ ಆಂಪಿಯರ್' ಅಂತ, ಅಂದರೆ ನಡುವಿನ ಸೊನ್ನೆ ತುದಿಯಿಂದ ಎರಡೂ ಕಡೆಗೆ 12 ವೋಲ್ಟ್ ಕೊಡುವಂಥದ್ದನ್ನು, ಕೇಳಿದರೆ ಕೌಂಟರಿನ ಮೇಲೆ ಎರಡು ಗಾತ್ರದ ಮಾಲು ಬರುತ್ತದೆ. ಎರಡರ ಮೇಲೂ ಅದೇ ಲೇಬಲ್ಲು, ಬೆಲೆಯಲ್ಲಿ ಮಾತ್ರ ದೊಡ್ಡ ಅಂತರ. ಕೋರು, ಅಂದರೆ ಒಳಗಿನ ಕಬ್ಬಿಣ, ಇಂಗ್ಲಿಷಿನ E ಮತ್ತು I ಆಕಾರದ ಪಟ್ಟಿಗಳ ರಾಶಿ. ಆ ಇ-ಐ ಪಟ್ಟಿಗಳ ಉದ್ದವನ್ನು ಅಳೆಯಿರಿ. ಸಾಮಾನ್ಯ ಇ-ಐ ಕೋರಿನಲ್ಲಿ ನಡುವಿನ ನಾಲಿಗೆಯ ಅಗಲ ಒಟ್ಟು ಉದ್ದದ ಸರಿಯಾಗಿ ಮೂರನೇ ಒಂದು ಭಾಗ, ಹಾಗಾಗಿ ಬಿಚ್ಚಿ ನೋಡುವ ಅಗತ್ಯವಿಲ್ಲ. ಉದ್ದ 75 ಮಿ.ಮೀ. ಇದ್ದರೆ ನಾಲಿಗೆ 25. ಪಟ್ಟಿಗಳ ರಾಶಿ, ಅಂದರೆ ಸ್ಟ್ಯಾಕ್, 25 ಮಿ.ಮೀ. ಇದ್ದರೆ ಕೋರಿನ ಅಡ್ಡಕೊಯ್ತ 6.25 ಚದರ ಸೆಂ.ಮೀ. ಇದರ ವರ್ಗವನ್ನು 1.3ರಿಂದ ಭಾಗಿಸಿ: ಸುಮಾರು 30 ವೋಲ್ಟ್-ಆಂಪಿಯರ್, ಅಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ ಸಾಮರ್ಥ್ಯ. ಆದರೆ 24 ವೋಲ್ಟಿಗೆ 3 ಆಂಪಿಯರ್ ಅಂದರೆ 72 ಬೇಕು. ಎಂದರೆ ಆ ಲೇಬಲ್ಲಿನ ಮೂರು ಆಂಪಿಯರಿನಲ್ಲಿ ನಿಜವಾದದ್ದು ಒಂದೂಕಾಲು. ನಿಯತ್ತಿನ ಮಾಲು 96 ಮಿ.ಮೀ. ಉದ್ದದ ಪಟ್ಟಿಯದ್ದಾಗಿರುತ್ತದೆ. ನಾಲಿಗೆ 32, ಸ್ಟ್ಯಾಕ್ 32ರಿಂದ 35.

ಸ್ಕೇಲು ಮರೆತಿದ್ದರೆ ತೂಕ ನೋಡಿ. 96ರ ಪಟ್ಟಿ 35 ಮಿ.ಮೀ. ಸ್ಟ್ಯಾಕಿನ ಕಬ್ಬಿಣವೇ ಒಂದೂವರೆ ಕಿಲೋ, ತಾಮ್ರ ಸೇರಿ ಎರಡು ಕಿಲೋದ ಹತ್ತಿರ ಬರಬೇಕು. 75ರದ್ದು ಒಂದು ಕಿಲೋಗೂ ಕಡಿಮೆ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದರೆ ಲೆಕ್ಕಾಚಾರವೇ ಬೇಡ.

ಆಮೇಲಿನ ಪ್ರಶ್ನೆ ತಾಮ್ರವೋ ಅಲ್ಯೂಮಿನಿಯಮ್ಮೋ ಎನ್ನುವುದು. 'ಪೂರಾ ಕಾಪರ್ ಹೈ' ಎಂಬ ಉತ್ತರ ಕೇಳುವ ಮೊದಲೇ ತಯಾರಿರುತ್ತದೆ. ಮೇಲಿನ ಲ್ಯಾಕರ್ ಎರಡಕ್ಕೂ ಒಂದೇ ಕಂದುಬಣ್ಣ ಕೊಡುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣದು. ತಂತಿ ಹೊರಬರುವ ತುದಿಯನ್ನು ಬ್ಲೇಡಿನಿಂದ ಒಂದಿಷ್ಟು ಕೆರೆದರೆ ಕೆಂಪು ಅಥವಾ ಬಿಳಿ, ಗುಟ್ಟು ರಟ್ಟು. ಬಿಳಿ ಕಂಡರೆ ಬೆಸುಗೆಯೂ ಸರಿಯಾಗಿ ಹಿಡಿಯದು. ಒಳಗೆ ಕ್ರಿಂಪ್ ಮಾಡಿ ಟೇಪು ಸುತ್ತಿರುತ್ತಾರೆ, ಆರು ತಿಂಗಳಿಗೆ ಕೈಕೊಡುವುದೂ ಆ ಜೋಡಣೆಯೇ. ಅಲ್ಯೂಮಿನಿಯಮ್ ತನ್ನಷ್ಟಕ್ಕೆ ಕೆಟ್ಟ ಲೋಹವೇನಲ್ಲ, ದೊಡ್ಡ ಡಿಸ್ಟ್ರಿಬ್ಯೂಷನ್ ಟ್ರಾನ್ಸ್‌ಫಾರ್ಮರುಗಳನ್ನೂ ಅದರಲ್ಲಿ ಸುತ್ತುತ್ತಾರೆ. ಅದರ ರೋಧ ತಾಮ್ರದ 1.6 ಪಟ್ಟು, ಹಾಗಾಗಿ ತಂತಿಯ ಅಡ್ಡಕೊಯ್ತವೂ ಅಷ್ಟು ಪಟ್ಟು ಇರಬೇಕು. ಇಲ್ಲಿ ಮಾಡುವುದು ತಾಮ್ರದ ಗೇಜಿನಲ್ಲೇ ಅಲ್ಯೂಮಿನಿಯಮ್ ಸುತ್ತಿ ತಾಮ್ರದ ಆಂಪಿಯರ್ ಬರೆಯುವುದು. ತಕರಾರು ಅದಕ್ಕೆ.

ಕೌಂಟರಿನಲ್ಲೇ ಮಾಡಬಹುದಾದ ಪರೀಕ್ಷೆಗಳು ಮೂರಿವೆ, ಒಳ್ಳೆಯ ಅಂಗಡಿಯವನು ಬೇಡ ಅನ್ನುವುದಿಲ್ಲ. ಮೊದಲನೆಯದು ಪ್ರೈಮರಿಯ, ಅಂದರೆ 230 ವೋಲ್ಟ್ ಒಳಹೋಗುವ ವೈಂಡಿಂಗಿನ, ರೋಧ: 70 ವೋಲ್ಟ್-ಆಂಪಿಯರಿನ ಮಾಲಿನಲ್ಲಿ ಮಲ್ಟಿಮೀಟರ್ 20ರಿಂದ 30 ಓಮ್ ತೋರಿಸಬೇಕು. 80-90 ಬಂತೆಂದರೆ ಒಳಗಿರುವುದು ಸಣ್ಣ ತಂತಿ. ಎರಡನೆಯದು ಸೀರೀಸ್ ಲ್ಯಾಂಪ್. ಈ ರಸ್ತೆಯ ಹಳೆಯ ಮೆಕ್ಯಾನಿಕ್ಕುಗಳ ಮೇಜಿನ ಮೇಲೆ ಮರದ ಹಲಗೆಗೆ ತಿರುಪಿದ ಒಂದು ಹೋಲ್ಡರ್, ಅದರಲ್ಲಿ 60 ವಾಟಿನ ಹಳೇ ಗಾಜಿನ ಬಲ್ಬು ಇದ್ದೇ ಇರುತ್ತದೆ. ಕಡಿಮೆ ವೋಲ್ಟ್ ಹೊರಬರುವ ಸೆಕೆಂಡರಿ ವೈಂಡಿಂಗನ್ನು ತೆರೆದಿಟ್ಟು ಪ್ರೈಮರಿಯನ್ನು ಆ ಬಲ್ಬಿನ ಮೂಲಕ 230 ವೋಲ್ಟಿಗೆ ಹಾಕಿದರೆ ಫಿಲಮೆಂಟು ಕಪ್ಪಾಗಿರಬೇಕು, ಹೆಚ್ಚೆಂದರೆ ಮಂದ ಕೆಂಪು. ಸೆಕೆಂಡರಿಯ ಎರಡು ತುದಿ ಮುಟ್ಟಿಸಿದಾಗ ಬಲ್ಬು ಪೂರ್ತಿ ಬೆಳಗಬೇಕು. ಮುಟ್ಟಿಸುವ ಮೊದಲೇ ಬೆಳಗಿದರೆ ಒಳಗೆ ಯಾವುದೋ ಸುತ್ತು ಶಾರ್ಟ್ ಆಗಿದೆ, ಆ ಮಾಲು ಅಲ್ಲೇ ಇರಲಿ. ಎಲ್‌ಇಡಿ ಬಲ್ಬಿನಲ್ಲಿ ಈ ಆಟ ನಡೆಯದು.

ಮೂರನೆಯದಕ್ಕೆ ಮೀಟರನ್ನು ಎಸಿ ಮಿಲಿಆಂಪಿಯರಿಗೆ ತಿರುಗಿಸಿ ಲೋಡ್ ಇಲ್ಲದ ಕರೆಂಟ್ ನೋಡಬೇಕು. ಆನ್ ಮಾಡುವ ಕ್ಷಣದಲ್ಲಿ ದೊಡ್ಡ ಕರೆಂಟ್ ನುಗ್ಗಿ ಮೀಟರಿನ ಫ್ಯೂಸ್ ಹಾರುತ್ತದೆ. ಹಾಗಾಗಿ ಮೀಟರನ್ನು ಮೊದಲು ಒಂದು ತುಂಡು ವೈರಿನಿಂದ ಬೈಪಾಸ್ ಮಾಡಿ ಆನ್ ಮಾಡಿ, ಆಮೇಲೆ ಇನ್ಸುಲೇಟೆಡ್ ಕ್ಲಿಪ್ ಹಿಡಿದು ಆ ವೈರ್ ತೆಗೆಯಿರಿ. ಪೂರ್ಣ ಲೋಡಿನಲ್ಲಿ 300 ಮಿಲಿಆಂಪಿಯರ್ ಎಳೆಯುವ ಮಾಲು ಖಾಲಿ ಇದ್ದಾಗ 30ರಿಂದ 60 ಎಳೆದರೆ ಚೆನ್ನ. ನೂರು ದಾಟಿತೆಂದರೆ ಸುತ್ತು ಕದ್ದಿದ್ದಾರೆ, ಕೋರು ಸ್ಯಾಚುರೇಟ್ ಆಗುತ್ತಿದೆ, ಅಂದರೆ ಇನ್ನಷ್ಟು ಕಾಂತತ್ವ ಹೊರಲಾರದಷ್ಟು ತುಂಬಿದೆ. ಅಂಥದ್ದು ಏನೂ ಕೆಲಸ ಮಾಡದೆಯೇ ಗಂಟೆಯೊಳಗೆ ಕೈ ಇಡಲಾಗದಷ್ಟು ಕಾಯುತ್ತದೆ, ಗುಂಯ್ ಅನ್ನುತ್ತದೆ.

ಈಗ ವೋಲ್ಟೇಜಿನ ವಿಷಯ. ಹೆಚ್ಚಿನ ಆಂಪ್ಲಿಫೈಯರ್ ಬೋರ್ಡುಗಳು ಸಾಯುವುದು ಆಂಪಿಯರ್ ಸಾಲದೆ ಅಲ್ಲ, ವೋಲ್ಟ್ ಹೆಚ್ಚಾಗಿ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ 12 ವೋಲ್ಟ್ ಪೂರ್ಣ ಲೋಡಿನ ಲೆಕ್ಕ. ಖಾಲಿ ಇದ್ದಾಗ ಈ ಗಾತ್ರದ್ದು ಶೇ. 10ರಷ್ಟು ಹೆಚ್ಚು ಕೊಡುತ್ತದೆ, ಅರ್ಧ ಆಂಪಿಯರಿನ ಸಣ್ಣದಾದರೆ ಶೇ. 20ರವರೆಗೂ ಹೋಗಬಹುದು. ಅಂಗಡಿಯಲ್ಲಿ 13.2 ತೋರಿಸಿದರೆ ಅದು ದೋಷವಲ್ಲ. ಆದರೆ ಡಯೋಡು, ಕೆಪಾಸಿಟರ್ ದಾಟಿದ ಮೇಲೆ ಸಿಗುವುದು ಆ 13.2ರ 1.414 ಪಟ್ಟು, ಅದರಲ್ಲಿ ಒಂದು ಡಯೋಡಿನ 0.7 ಕಳೆದರೆ 18 ವೋಲ್ಟ್. 12-0-12 ಟ್ರಾನ್ಸ್‌ಫಾರ್ಮರಿಗೆ ಟಿಡಿಎ 2030 ಎಂಬ ಆಂಪ್ಲಿಫೈಯರ್ ಐಸಿಯ ಬೋರ್ಡನ್ನು ಜೊತೆ ಮಾಡಿ ಮಾರುವುದು ಇಲ್ಲಿ ವಾಡಿಕೆ. ಆ ಐಸಿಯ ಗರಿಷ್ಠ ಮಿತಿ ಪ್ಲಸ್-ಮೈನಸ್ 18 ವೋಲ್ಟ್! ಮೇನ್ಸ್, ಅಂದರೆ ಗೋಡೆಯ ಪ್ಲಗ್ಗಿನ ಕರೆಂಟು, 230 ಇದ್ದಾಗಲೇ ಹೊಸ್ತಿಲ ಮೇಲೆ ನಿಂತಿದೆ. ರಾತ್ರಿ ಲೋಡ್ ಇಳಿದು ಮೇನ್ಸ್ 245 ಆದರೆ 19 ದಾಟುತ್ತದೆ. ಭಜನೆ ಮುಗಿದು ವಾಲ್ಯೂಮ್ ಸೊನ್ನೆಯಲ್ಲಿದ್ದಾಗ, ಯಾರೂ ಮುಟ್ಟದೆ ಐಸಿ ಸುಟ್ಟುಹೋಗುವುದು ಹೀಗೆ. 9-0-9 ತಗೊಳ್ಳಿ, ಇಲ್ಲವೇ 22 ವೋಲ್ಟ್ ತಾಳುವ 2030ಎ ಕೇಳಿ. ಕೆಪಾಸಿಟರ್ 25 ವೋಲ್ಟಿನದ್ದು ಕನಿಷ್ಠ, 35ರದ್ದು ನೆಮ್ಮದಿ. ಕಿಟ್ ಪೊಟ್ಟಣದೊಳಗೆ 16 ವೋಲ್ಟಿನ ಕೆಪಾಸಿಟರ್ ಕಂಡರೆ ಹೊರಗೆ ಎಸೆದು ಬೇರೆ ಕೊಳ್ಳಿ.

ತಿರುಗುಮುರುಗಿನ ತಪ್ಪೂ ಇದೆ. 12 ವೋಲ್ಟಿನ ರೆಗ್ಯುಲೇಟೆಡ್ ಸಪ್ಲೈ ಬೇಕು ಅಂದರೆ ಕೌಂಟರಿನಿಂದ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡಿನ ಬ್ರಿಡ್ಜು, ವೋಲ್ಟನ್ನು 12ರಲ್ಲೇ ಹಿಡಿದಿಡುವ ಒಂದು 7812 ಐಸಿ ಬರುತ್ತದೆ. ಲೆಕ್ಕ ಹಾಕೋಣ. ಪೂರ್ಣ ಲೋಡಿನಲ್ಲಿ 12ರ ಶಿಖರ 17, ಬ್ರಿಡ್ಜಿನ ಎರಡು ಡಯೋಡು ಕಳೆದು 15.5. ಒಂದು ಆಂಪಿಯರಿಗೆ 4700 ಮೈಕ್ರೋಫ್ಯಾರಡ್ ಇಟ್ಟರೂ ರಿಪಲ್ ಎಂಬ ಏರಿಳಿತ 2.1 ವೋಲ್ಟ್, ಅಂದರೆ ತಳ 13.4ಕ್ಕೆ ಇಳಿಯುತ್ತದೆ. 7812ಕ್ಕೆ ಒಳಗೆ ಕನಿಷ್ಠ 14 ಬೇಕು. ಸೆಕೆಂಡಿಗೆ ನೂರು ಸಲ ಅದು ಹಿಡಿತ ಬಿಡುತ್ತದೆ, ಸ್ಪೀಕರಿನಲ್ಲಿ ಹಮ್ ಕೇಳಿಸುತ್ತದೆ. ಆಗ ಗ್ರಾಹಕ ಕೆಪಾಸಿಟರ್ ಬದಲಿಸುತ್ತಾನೆ, ಅರ್ಥಿಂಗ್ ಬದಲಿಸುತ್ತಾನೆ, ಕೊನೆಗೆ ಮೈಕನ್ನೂ ಬದಲಿಸುತ್ತಾನೆ. ಬದಲಿಸಬೇಕಾದ್ದು ಟ್ರಾನ್ಸ್‌ಫಾರ್ಮರ್: 15 ವೋಲ್ಟ್, 2 ಆಂಪಿಯರ್. ಎರಡು ಯಾಕೆ? ಬ್ರಿಡ್ಜು ಮತ್ತು ಕೆಪಾಸಿಟರ್ ಹಾಕಿದಾಗ ಕರೆಂಟು ಸಣ್ಣ ಸಣ್ಣ ಮೊನಚು ಹೊಡೆತಗಳಲ್ಲಿ ಹರಿಯುವುದರಿಂದ ವೈಂಡಿಂಗ್ ಹೆಚ್ಚು ಕಾಯುತ್ತದೆ. ಎಸಿ ಆಂಪಿಯರಿನ 0.62ರಷ್ಟು ಮಾತ್ರ ಡಿಸಿ ಎಳೆಯಬಹುದು. ಮೂರು ಅಂತ ಬರೆದದ್ದರಿಂದ ಸಿಗುವ ಡಿಸಿ ಹೆಚ್ಚೂಕಡಿಮೆ 1.85. ಇದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ, ಹೇಳಬೇಕೆಂಬ ನಿಯಮವೂ ಇಲ್ಲ. 7812ಕ್ಕೆ ಹೀಟ್‌ಸಿಂಕ್ ಮರೆಯಬೇಡಿ: 15 ವೋಲ್ಟಿನ ವೈಂಡಿಂಗಿನಲ್ಲಿ ಅದರ ಮೇಲೆ ಆರೇಳು ವಾಟ್ ಶಾಖ ಬೀಳುತ್ತದೆ. ಬರಿಮೈಯ 7812 ಪ್ರತಿ ವಾಟಿಗೆ 65 ಡಿಗ್ರಿ ಏರುವ ಜಾತಿಯದ್ದು.

ಹೀಗೆ ಬೇಕಾದ ವೋಲ್ಟು ಬೇಕಾದ ಹಾಗೆ ಸಿಗುವುದು ಸುತ್ತಿಸಿದಾಗ. ಮುಖ್ಯರಸ್ತೆಯ ಗಾಜಿನ ಅಂಗಡಿಗಳನ್ನು ಬಿಟ್ಟು ಪಕ್ಕದ ಕಟ್ಟಡಗಳ ಒಳಮಾಳಿಗೆಗೆ ಹೋದರೆ ವಾರ್ನಿಷ್ ವಾಸನೆಯೇ ದಾರಿ ತೋರಿಸುತ್ತದೆ. ಕೈಹಿಡಿಯ ವೈಂಡಿಂಗ್ ಮೆಷಿನ್, ಹಲ್ಲುಚಕ್ರದ ಕೌಂಟರ್, ಎಡಗೈಯ ಎರಡು ಬೆರಳ ನಡುವೆ ಓಡುವ ತಂತಿ, ಪದರಕ್ಕೊಂದು ಹಾಳೆ. ಇಲ್ಲಿ ಬಾಯಿಮಾತಿನ ಆರ್ಡರ್ ಕೊಟ್ಟವರಿಗೆ ಬಾಯಿಮಾತಿನ ಮಾಲೇ ಸಿಗುತ್ತದೆ. ಚೀಟಿಯಲ್ಲಿ ಹೀಗೆ ಬರೆಯಿರಿ: ಪ್ರೈಮರಿ 0-230, ಸೆಕೆಂಡರಿ 15-0-15, 2 ಆಂಪಿಯರ್, ವೋಲ್ಟೇಜು ಪೂರ್ಣ ಲೋಡಿನಲ್ಲಿ, ಕೋರ್ 96, ಸ್ಟ್ಯಾಕ್ 35, ವೋಲ್ಟಿಗೆ 4 ಸುತ್ತು, ಸೆಕೆಂಡರಿ ತಂತಿ 19 ಗೇಜ್, ಪ್ರೈಮರಿ 28, ಪೂರ್ತಿ ತಾಮ್ರ, ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಒಣಗಿಸಬೇಕು.

'ವೋಲ್ಟಿಗೆ 4 ಸುತ್ತು' ಎಂಬ ಸಾಲೇ ಇದರಲ್ಲಿ ಬೆಲೆಬಾಳುವಂಥದ್ದು. 45ನ್ನು ಕೋರಿನ ಚದರ ಸೆಂಟಿಮೀಟರಿನಿಂದ ಭಾಗಿಸಿದರೆ ವೋಲ್ಟಿಗೆ ಎಷ್ಟು ಸುತ್ತು ಅಂತ ಬರುತ್ತದೆ. 50 ಹರ್ಟ್ಸಿಗೆ, ಒಂದು ಟೆಸ್ಲಾ ಕಾಂತಸಾಂದ್ರತೆಗೆ ಇದು ಲೆಕ್ಕ. 11.2 ಚದರ ಸೆಂ.ಮೀ.ಗೆ 4, ಅಂದರೆ ಪ್ರೈಮರಿಗೆ 920 ಸುತ್ತು. ತಾಮ್ರ ಉಳಿಸಲು ಮೂರಕ್ಕೆ ಇಳಿಸಿದರೆ ಕಾಂತಸಾಂದ್ರತೆ 1.34ಕ್ಕೆ ಏರುತ್ತದೆ. ಗ್ರೇನ್ ಓರಿಯೆಂಟೆಡ್ ಎಂಬ ಉತ್ತಮ ದರ್ಜೆಯ ಪಟ್ಟಿ ಅದನ್ನು ನಗುತ್ತಾ ತಾಳುತ್ತದೆ. ಹಳೇ ಸ್ಟೆಬಿಲೈಸರ್ ಒಡೆದು ತೆಗೆದ ಪಟ್ಟಿ ತಾಳುವುದಿಲ್ಲ. ಸೆಕೆಂಡರಿಗೆ ಮಾತ್ರ ಶೇ. 5ರಿಂದ 10 ಸುತ್ತು ಹೆಚ್ಚು ಕೇಳಬೇಕು, ಲೋಡಿನಲ್ಲಿ ಇಳಿಯುವುದನ್ನು ಅದು ತುಂಬುತ್ತದೆ.

ಆಡಿಯೋ ಕೆಲಸಕ್ಕಾದರೆ ಪ್ರೈಮರಿ-ಸೆಕೆಂಡರಿ ನಡುವೆ ತಾಮ್ರದ ಹಾಳೆಯ ಸ್ಕ್ರೀನ್ ಕೇಳಿ, ಒಂದೇ ಸುತ್ತು. ಹಾಳೆಯ ಎರಡು ತುದಿ ಒಂದರ ಮೇಲೊಂದು ಬಂದರೂ ನಡುವೆ ಕಾಗದ ಇರಲೇಬೇಕು, ಮುಟ್ಟಿದರೆ ಅದೇ ಒಂದು ಶಾರ್ಟ್ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಹೊಗೆಯಾಡುತ್ತದೆ. ಹೊಸ ಹುಡುಗರ ಕೈಯಲ್ಲಿ ಆಗುವ ತಪ್ಪು ಇದೇ, ಸೀರೀಸ್ ಲ್ಯಾಂಪಿನಲ್ಲಿ ತಕ್ಷಣ ಗೊತ್ತಾಗುತ್ತದೆ. ವಾರ್ನಿಷಿನ ಬಗ್ಗೆ ರಾಜಿ ಬೇಡ. ಮುಂಬಯಿಯ ನಾಲ್ಕು ತಿಂಗಳ ತೇವ ಬ್ರಶ್ಶಿನಿಂದ ಮೇಲೆ ಬಳಿದ ವಾರ್ನಿಷನ್ನು ಲೆಕ್ಕಕ್ಕೇ ಇಡುವುದಿಲ್ಲ; ಕಾಗದ ನೀರು ಹೀರುತ್ತದೆ, ಪಟ್ಟಿಗಳ ನಡುವೆ ತುಕ್ಕು ಕೂರುತ್ತದೆ, ನೂರು ಹರ್ಟ್ಸಿನ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಬಾಬಿನ್ನಿನ ಒಳಗಿನವರೆಗೂ ವಾರ್ನಿಷ್ ಇಳಿದಿದ್ದರೆ ಪಟ್ಟಿಗಳನ್ನು ಉಗುರಿನಿಂದ ಎಬ್ಬಿಸಲು ಬರುವುದಿಲ್ಲ. ದರ ಕಿಲೋ ಲೆಕ್ಕ, ತಾಮ್ರದ ಪೇಟೆಯ ಜೊತೆ ಏರಿಳಿಯುತ್ತದೆ. ರೆಡಿಮೇಡಿಗಿಂತ ದುಬಾರಿ, ಆದರೂ ಕೊಟ್ಟದ್ದಕ್ಕೆ ಮೋಸವಿಲ್ಲ.

ಎಸ್‌ಎಂಪಿಎಸ್ ಬೇರೆಯೇ ಲೋಕ. 230 ವೋಲ್ಟನ್ನು ಮೊದಲು ನೇರ 325 ವೋಲ್ಟ್ ಡಿಸಿ ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೆಂಕಿಪೊಟ್ಟಣದಷ್ಟು ಫೆರೈಟ್ ಟ್ರಾನ್ಸ್‌ಫಾರ್ಮರಿನಲ್ಲಿ ದಾಟಿಸುವ ಉಪಾಯ. ಫ್ರೀಕ್ವೆನ್ಸಿ ಏರಿದಷ್ಟು ಕೋರು ಕುಗ್ಗುತ್ತದೆ, ಎರಡು ಕಿಲೋ ಕೆಲಸ ಕಾಲು ಕಿಲೋದಲ್ಲಿ ಮುಗಿಯುತ್ತದೆ. ಇಲ್ಲಿ ಸಿಗುವುದರಲ್ಲಿ ತೈವಾನಿನ ಮೀನ್ ವೆಲ್ ಕಂಪನಿಯ ಎಲ್‌ಆರ್‌ಎಸ್-50-12 ಮಾದರಿ ಹೇಳಿದಷ್ಟು ಕೊಡುತ್ತದೆ: 12 ವೋಲ್ಟ್, 4.2 ಆಂಪಿಯರ್, ಒಳಬರುವ ವೋಲ್ಟೇಜ್ 85ರಿಂದ 264ರವರೆಗೆ ಇದ್ದರೂ ಸೈ, ಸಣ್ಣ ತಿರುಪಿನಿಂದ 10.2ರಿಂದ 13.8ರವರೆಗೆ ಹೊಂದಿಸಬಹುದು, ಶಾರ್ಟ್ ಮಾಡಿದರೆ ಆರಿ-ಹತ್ತಿ ಆಡುತ್ತಾ ಕಾಯುತ್ತದೆ, ಸುಡುವುದಿಲ್ಲ. ಅದೇ ಸಾಲಿನ 350 ವಾಟಿನದ್ದು ತಗೊಳ್ಳುವವರು ಪಕ್ಕದ ಕೆಂಪು ಸ್ವಿಚ್ಚನ್ನು ಮೊದಲು ನೋಡಿ. ಅದು 115ರಲ್ಲಿದ್ದಾಗ ಒಳಗೆ ವೋಲ್ಟೇಜ್ ಡಬ್ಲರ್ ಜೋಡಿಸಿಕೊಂಡಿರುತ್ತದೆ. ನಮ್ಮ 230 ಕೊಟ್ಟರೆ ಕೆಪಾಸಿಟರುಗಳು ಪಟಾಕಿಯಂತೆ ಸಿಡಿಯುತ್ತವೆ.

ಪಕ್ಕದಲ್ಲೇ ಹೆಸರಿಲ್ಲದ ತಗಡಿನ ಡಬ್ಬಿ, '12 ವೋಲ್ಟ್ 10 ಆಂಪಿಯರ್' ಅಂತ ಬರೆದದ್ದು, ಮೂರನೇ ಒಂದು ಬೆಲೆಗೆ ಇರುತ್ತದೆ. ತೂತುಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಮೇನ್ಸ್ ಒಳಬರುವಲ್ಲಿ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ ಬೆಸೆದಿದ್ದರೆ, ಆನ್ ಮಾಡಿದಾಗ ನುಗ್ಗುವ ಕರೆಂಟನ್ನು ತಡೆಯುವ ಎನ್‌ಟಿಸಿ ಇಲ್ಲದಿದ್ದರೆ, ಕೆಪಾಸಿಟರಿನ ಮೇಲೆ 105 ಡಿಗ್ರಿಯ ಬದಲು 85 ಇದ್ದರೆ ಬರೆದ ಆಂಪಿಯರಿನ ಅರ್ಧದ ಲೆಕ್ಕದಲ್ಲೇ ಬಳಸಿ. ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ. ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಬೋರ್ಡಿನ ಮೇಲೆ 6 ಮಿ.ಮೀ. ಖಾಲಿ ಪಟ್ಟಿ ಕಾಣದಿದ್ದರೆ ಅರ್ಧಕ್ಕೂ ಬೇಡ, ಜೀವದ ಮಾತು. ಪ್ಲಗ್ಗಿನ ಅಡಾಪ್ಟರ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ನಿಂತು ಹುಡುಕಬಹುದು.

ಎಸ್‌ಎಂಪಿಎಸ್‌ಗೆ ಪೂರ್ಣ ಅಂಕ ಕೊಡದ್ದಕ್ಕೆ ಕಾರಣ ಹಾರ್ಮೋನಿಯಮ್ ಮುಂದೆ ಕೂತವರಿಗೆ ಗೊತ್ತು. ಮೈಕಿಗೆ ತುಟಿ ತಾಗಿದರೆ ಜುಮ್ ಅನ್ನುವುದು. ಮೇನ್ಸ್ ಗದ್ದಲ ತಡೆಯಲು ಒಳಗೆ ಇಟ್ಟ ವೈ-ಕೆಪಾಸಿಟರುಗಳು ಲೈನು-ನ್ಯೂಟ್ರಲ್ ನಡುವೆ ಪಾಲು ಹಂಚಿ, ಅರ್ಥಿಂಗ್ ಇಲ್ಲದ ತಗಡನ್ನು ನೂರಾ ಹದಿನೈದರ ಆಸುಪಾಸಿನ ವೋಲ್ಟಿನಲ್ಲಿ ತೇಲಿಸುತ್ತವೆ. ಕರೆಂಟು ಮಿಲಿಆಂಪಿಯರಿಗೂ ಕಡಿಮೆ, ಆದರೂ ಗಾಯಕ ತಾಳ ತಪ್ಪುತ್ತಾನೆ. ಎರಡು ಪಿನ್ನಿನ ವೈರ್ ಕಿತ್ತು ಮೂರು ಪಿನ್ನಿನದ್ದು ಹಾಕಿ, ಅರ್ಥಿಂಗ್ ತಂತಿಯನ್ನು ಎಫ್‌ಜಿ ಎಂದು ಬರೆದ ತಿರುಪಿಗೆ ಬಿಗಿಯಿರಿ. ಜುಮ್ ಅಲ್ಲಿಗೆ ನಿಂತಿತು. ಸಭಾಗೃಹದ ಪ್ಲಗ್ಗಿನಲ್ಲಿ ಅರ್ಥಿಂಗೇ ಇಲ್ಲದಿದ್ದರೆ ಎಸ್‌ಎಂಪಿಎಸ್ ಬಿಟ್ಟು ಸುತ್ತಿಸಿದ ಕಬ್ಬಿಣದ ಟ್ರಾನ್ಸ್‌ಫಾರ್ಮರೇ ಸರಿ.

ಹೋಟೆಲಿನ ಬೋರ್ಡಿಗೆ ಬಂದರೆ ಲೆಕ್ಕ ಸರಳ. 0.72 ವಾಟಿನ ನೂರು ಎಲ್‌ಇಡಿ ಮಾಡ್ಯೂಲ್ ಎಂದರೆ 72 ವಾಟ್, 6 ಆಂಪಿಯರ್. ಸಪ್ಲೈಯನ್ನು ಶೇ. 80ಕ್ಕಿಂತ ಹೆಚ್ಚು ದುಡಿಸಬಾರದು, ಹಾಗಾಗಿ ನೂರು ವಾಟಿನದ್ದು. ಎಡವುವುದು ವೈರಿನಲ್ಲಿ: ಕ್ಯಾಶ್ ಕೌಂಟರಿನ ಕೆಳಗೆ ಸಪ್ಲೈ ಇಟ್ಟು 10 ಮೀಟರ್ ದೂರದ ಬೋರ್ಡಿಗೆ 1 ಚದರ ಮಿ.ಮೀ. ವೈರ್ ಎಳೆದರೆ ಹೋಗಿಬರುವ 20 ಮೀಟರಿನಲ್ಲಿ ಎರಡು ವೋಲ್ಟ್ ಮಾಯ. 'ಉಡುಪಿ'ಯ ಉಕಾರ ಬೆಳಗುತ್ತದೆ, ಪಿ ಮಂಕಾಗುತ್ತದೆ. 2.5ರ ವೈರ್ ಹಾಕಿದರೆ ನಷ್ಟ ಮುಕ್ಕಾಲು ವೋಲ್ಟಿನ ಸುತ್ತಮುತ್ತ. ಮಳೆಗೆ ಒಡ್ಡಿಕೊಳ್ಳುವ ಜಾಗಕ್ಕೆ ತೂತಿನ ತಗಡಿನ ಡಬ್ಬಿ ಸಲ್ಲ, ನೀರು ಒಳಹೋಗದ, ಐಪಿ 67 ಎಂದು ಬರೆದ, ರಾಳ ತುಂಬಿದ ಮಾದರಿ ಕೇಳಿ.

ಅಮೆರಿಕದಿಂದ ತಂದ 110 ವೋಲ್ಟಿನ ಸಾಮಾನಿಗೆ ಇಲ್ಲಿ ಮಾರುವ 'ಸ್ಟೆಪ್‌ಡೌನ್' ಬಹುತೇಕ ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ವೈಂಡಿಂಗ್, ಮೇನ್ಸಿನಿಂದ ಬೇರ್ಪಡಿಕೆ ಇಲ್ಲ. ಮಿಕ್ಸಿಗೆ ಸರಿ, ಕೈಯಲ್ಲಿ ಹಿಡಿಯುವ ಲೋಹದ ಸಾಮಾನಿಗೆ ಬೇಡ. 60 ಹರ್ಟ್ಸಿಗೆ ಮಾಡಿದ ಹಳೆಯ ರೇಡಿಯೋ ಒಳಗಿನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸಿನಲ್ಲಿ ಶೇ. 20 ಹೆಚ್ಚು ಫ್ಲಕ್ಸ್ ಹೊರುತ್ತದೆ, ವೋಲ್ಟೇಜು ಸರಿಯಿದ್ದರೂ ಕಾಯುತ್ತದೆ.

ಪುಣೆಯವರು ಇಷ್ಟು ದೂರ ಬರಬೇಕಿಲ್ಲ, ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಇದೇ ಮಾಲು, ಇದೇ ಲೇಬಲ್ಲು, ಸ್ಕೇಲೂ ಅದೇ. ವೈರು, ಸ್ವಿಚ್ಚು, ಎಂಸಿಬಿ ಮಾತ್ರ ಬೇಕಿದ್ದವರಿಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳ್ ಅನುಕೂಲ. ಲ್ಯಾಮಿಂಗ್ಟನ್ ರೋಡಿನ ಹೆಚ್ಚಿನ ಅಂಗಡಿಗಳು ಭಾನುವಾರ ಬಾಗಿಲು ತೆಗೆಯುವುದಿಲ್ಲ. ಸುತ್ತಿಸಿದ ಮಾಲನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲವಾದ್ದರಿಂದ ದುಡ್ಡು ಎಣಿಸುವ ಮೊದಲೇ ಬಲ್ಬಿನ ಪರೀಕ್ಷೆ ಮುಗಿಸಿ. ಮನೆಗೆ ಹೊರಡುವ ಮುನ್ನ ಅಲ್ಲೇ ಅರ್ಧ ಆಂಪಿಯರಿನ ನಿಧಾನಕ್ಕೆ ಸುಡುವ ಸ್ಲೋ-ಬ್ಲೋ ಫ್ಯೂಸ್ ನಾಲ್ಕು ತಗೊಳ್ಳಿ, ಗಾಜಿನ ನಳಿಗೆಯ ಲೋಹದ ಟೊಪ್ಪಿಯ ಮೇಲೆ ಟಿ ಅಕ್ಷರ ಇರುವಂಥದ್ದು. ಎಫ್ ಬರೆದದ್ದು ಆನ್ ಮಾಡಿದಾಗಲೆಲ್ಲ ಹಾರಿ, ಏನೂ ತಪ್ಪಿಲ್ಲದ ಟ್ರಾನ್ಸ್‌ಫಾರ್ಮರಿನ ಮೇಲೆ ಅಪವಾದ ಹೊರಿಸುತ್ತದೆ.